ನೂರೆಂಬತ್ತೇಳು ಕೆಬಿ

ಮುಹರ್ರಖ್‌ನ ಓಣಿಯಲ್ಲಿ ಆಗಸ್ಟಿನ ಮಧ್ಯಾಹ್ನ ಮೂರು.
ಎಸಿಯ ನೀರು ಬಕೆಟ್ಟಿಗೆ ಬೀಳುವ ಸದ್ದೊಂದೇ
ಇಡೀ ಬೀದಿಯಲ್ಲಿ ಎಚ್ಚರ.
ನನ್ನ ಪರದೆಯ ಮೇಲೊಂದು ಮುತ್ತು,
ಬಟಾಣಿಗಿಂತ ಕಿರಿದು.
ಅದರ ಚಿತ್ರ ಮಾತ್ರ ನಲವತ್ತೊಂದು ಎಂಬಿ.

ಇನ್ನೂರು ಕೆಬಿಯೊಳಗೆ ಇಳಿಸು ಎಂದು ಮೊಮ್ಮಗನ ಅಪ್ಪಣೆ.
ಗಿರಾಕಿಯ ಹೆಬ್ಬೆರಳಿಗೆ ಎರಡು ಸೆಕೆಂಡಿನ ತಾಳ್ಮೆಯಿಲ್ಲವಂತೆ.
ಇಳಿಸಿದೆ.
ಕ್ವಾಲಿಟಿಯ ಗುಂಡಿ ಹಿಡಿದು ನೂರರಿಂದ ಎಂಬತ್ತಕ್ಕೆ,
ಅರವತ್ತಕ್ಕೆ, ಮೂವತ್ತಕ್ಕೆ,
ಬಾವಿಗೆ ಕೊಡ ಬಿಟ್ಟ ಹಾಗೆ.
ಹಿನ್ನೆಲೆ ಕತ್ತರಿಸಿದೆ. ನೆರಳನ್ನೂ.
ಬಿಳಿಯ ಮೇಲೆ ಬಿಳಿ ಕೂತು
ಮಿಸುಕಲಿಲ್ಲ.

ಜಾಸಿಮ್ ಅಜ್ಜ ಕನ್ನಡಕ ಹಣೆಗೇರಿಸಿ ಬಾಗಿದರು.
ಪ್ರಾಯದಲ್ಲಿ ಬೊಂಬಾಯಿಯ ದಲ್ಲಾಳಿಗಳಿಂದ ಕಲಿತ ಹಿಂದಿಯಲ್ಲಿ
‘ಇದು ಮುತ್ತಲ್ಲ ಬ್ರಫುಲ್ಲಾ, ಸುಲಿದ ಈರುಳ್ಳಿ’ ಅಂದರು.
(ಅವರ ಬಾಯಿಗೆ ಪಕಾರ ಬಾರದು.
ನಾನು ಬ್ರಫುಲ್ಲಾ, ಫೈಲು ಜೆಬೆಗ್.)

ಹೌದು. ಹೊಳಪು ಜಾರುವಲ್ಲಿ ಈಗ ಮೆಟ್ಟಿಲುಗಳಿದ್ದವು,
ಒಂದು ಬೂದು, ಅದರ ಸುತ್ತ ಇನ್ನೊಂದು ಬೂದು,
ಅಂಚಿನಲ್ಲಿ ಚೌಕ ಚೌಕ ಕಸ.
ನಾನೇನು ಮುತ್ತು ಬಲ್ಲವಳೇ?
ಅಘನಾಶಿನಿಯ ಕೆಸರಲ್ಲಿ ಬಳಚು ಹೆಕ್ಕಿ ಬೆಳೆದವಳು,
ಚಿಪ್ಪು ಕಂಡರೆ ಸಾರು ನೆನಪಾಗುತ್ತದೆ.

ಅಜ್ಜ ಕಪಾಟಿನಿಂದ ಹಿತ್ತಾಳೆಯ ಜರಡಿಗಳನ್ನು ತೆಗೆದರು.
ಒಂದರೊಳಗೊಂದು ಕೂರುವ ಬಟ್ಟಲುಗಳು,
ಒಂದೊಂದಕ್ಕೂ ಬೇರೆ ಅಳತೆಯ ತೂತು.
ದೊಡ್ಡದು ಮೇಲೆ ನಿಂತಿತು, ನಡುವಿನದು ನಡುವೆ,
ಸಾಸಿವೆಯಂಥದು ತಳಕ್ಕೆ.
ನನಗೆ ನಗು ಬಂತು:
ಬೆಳಗಿನಿಂದ ನಾನೂ ಮಾಡುತ್ತಿರುವುದು ಇದನ್ನೇ,
ಲ್ಯಾಪ್‌ಟಾಪಿಗೊಂದು, ಫೋನಿಗೊಂದು,
ಪಟ್ಟಿಯಲ್ಲಿ ಕಾಣುವ ಉಗುರಿನಷ್ಟದಕ್ಕೊಂದು.

ಮತ್ತೆ ಅವರ ಚಿಕ್ಕಪ್ಪನ ಕತೆ.
ಕಂದಿದ ಮುತ್ತು ಸಿಕ್ಕಿದರೆ ಮೇಲಿನ ಪೊರೆಯನ್ನು
ಸಣ್ಣ ಚೂರಿಯಿಂದ ಕೆರೆಯುತ್ತಿದ್ದನಂತೆ,
ಕೆಳಗಿನ ಪೊರೆ ಇನ್ನೂ ಚೆಲುವಾಗಿರಬಹುದಲ್ಲ.
ಕೆಲವೊಮ್ಮೆ ಇರುತ್ತಿತ್ತು.
ಒಮ್ಮೆ ರಂಜಾನಿನಲ್ಲಿ ಉಪವಾಸ ಕೂತು ಸಂಜೆಯವರೆಗೆ ಕೆರೆದ.
ಅಂಗೈಯಲ್ಲಿ ಉಳಿದದ್ದು ಒಂದು ಚಿಟಿಕೆ ಪುಡಿ.
ಅದನ್ನೂ ಊದಲಿಲ್ಲವಂತೆ, ಬಹಳ ಹೊತ್ತು.

ನಮ್ಮೂರಲ್ಲಿ ಅನ್ನುವುದುಂಟು,
ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.
ಜೆಪೆಗ್ಗನ್ನು ತೆರೆದು ತಿದ್ದಿ ಮತ್ತೆ ಜೆಪೆಗ್ ಮಾಡಿದರೂ
ಹೋಯಿತು, ಸದ್ದಿಲ್ಲದೆ, ಪ್ರತಿ ಸಲ ಒಂದು ಪೊರೆ.
ಇದನ್ನು ಹಿಂದಿಯಲ್ಲಿ ಹೇಳಲು ಹೊರಟು
ಅರ್ಧಕ್ಕೇ ಸೋತೆ.
ಅವರು ತಲೆದೂಗಿದರು, ಯಾವ ಅರ್ಧಕ್ಕೋ.

ಮೂಲಕ್ಕೆ ಮರಳಿದೆ. ನಲವತ್ತೊಂದು ಎಂಬಿಯ
ಮುಟ್ಟದ ಮುತ್ತು.
ಈ ಸಲ ಅವರ ಕೆಂಪು ಬಟ್ಟೆಯನ್ನು ಅದರಡಿಗೆ ಇರಗೊಟ್ಟೆ,
ನೆರಳನ್ನೂ ಬಿಟ್ಟೆ, ಮುತ್ತು ಕೂರಲು ಜಾಗ ಬೇಕಲ್ಲ.
ಮೊದಲು ಅಗಲ ತಗ್ಗಿಸಿದೆ, ಆಮೇಲೆ ಗುಂಡಿ.
ಹೊಳಪಿನ ಮೇಲೆ ಕಣ್ಣಿಗೆ ಕಾಣದಷ್ಟು ಧೂಳು ಉದುರಿಸಿದೆ,
ಮೆಟ್ಟಿಲುಗಳು ಕರಗಿ ಇಳಿಜಾರಾದವು.
ವರ್ಷವಿಡೀ ಇಲ್ಲಿ ಒರೆಸಿ ಒರೆಸಿ ಸಾಕಾದ ಧೂಳೇ
ಉಪಕಾರಕ್ಕೆ ಬಂತು ನೋಡಿ.

ಬಣ್ಣ ಎಸ್‌ಆರ್‌ಜಿಬಿ. ಎಪ್ಪತ್ತೆಂಟು. ಸೇವ್.
ಫೈಲಿನ ಹೆಸರು: ಮುತ್ತು ಹದಿನೇಳು ಕೊನೆಯದು ನಿಜವಾಗಿ ಕೊನೆಯದು.

ಮೊಮ್ಮಗ ಫೋನಿನಲ್ಲಿ ನೋಡಿ ಹೆಬ್ಬೆರಳೆತ್ತಿದ,
ಅದೇ ಹೆಬ್ಬೆರಳಿನಿಂದ ಮುಂದಕ್ಕೆ ಸರಿಸಿದ.
ಅಜ್ಜ ನೋಡಲಿಲ್ಲ. ತಕ್ಕಡಿಯ ಮುಂದೆ ಕೂತು
ಉದ್ದನೆಯ ಲೆಕ್ಕದ ಪುಸ್ತಕ ಬಿಡಿಸಿದ್ದರು,
ಬಲದಿಂದ ಎಡಕ್ಕೆ ಹರಿಯುವ ಸಾಲುಗಳು.
ಹದಿನೇಳರ ಎದುರು ತೂಕ ಬರೆದರು, ಚವ್ವು ಬರೆದರು,
ಬೆಲೆಯ ಜಾಗ ಖಾಲಿ ಬಿಟ್ಟರು.

‘ನಿನ್ನದು ಎಷ್ಟು ತೂಗಿತು?’

‘ನೂರೆಂಬತ್ತೇಳು’ ಅಂದೆ.

ಯಾವ ಅಳತೆ ಎಂದು ಕೇಳದೆ
ಅದನ್ನೂ ಬರೆದುಕೊಂಡರು.